ಮಣೆ ಒದ್ದೆ ಮಾಡಿದವಳು

ಚಂದಮ್ಮಾ, ಆ ದಿನ ಮಣೆ ಒದ್ದೆ ಮಾಡಿದ್ದು ನೀನಲ್ಲ. ನಾನು.

ಎರಡು ವರ್ಷದಿಂದ ಈ ಮಾತು ಮುಚ್ಚಿಟ್ಟುಕೊಂಡಿದ್ದೇನೆ. ನಿಂಬರ್ಗಾದ ಅಂಗನವಾಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಕ್ಕಳಿಗೆ ಕಲಿಸುತ್ತ ಬಾಯಿ ಮುಚ್ಚದ ಈ ಅಕ್ಕೋರಿಗೆ ಇದೊಂದನ್ನು ಹೇಳಲು ನಾಲಿಗೆ ಹೊರಳಲಿಲ್ಲ. ನಿನಗೆ ಓದಲು ಬರುವುದಿಲ್ಲ ಅಂತಲೇ ಧೈರ್ಯವಾಗಿ ಬರೆಯುತ್ತಿದ್ದಾಳೆ ಎಂದು ಯಾರಾದರೂ ಅಂದರೆ — ಅದೂ ನಿಜವೇ. ಆದರೆ ಇದನ್ನು ನಿನ್ನೆದುರು ಕೂತು ಓದುವವಳೂ ನಾನೇ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಎರಡು ದಿನ ಮನೆಯಲ್ಲೇ ಹೆರಿಗೆ ಬೇನೆ ತಿಂದೆ, ಕೂಸು ಉಳಿಯಲಿಲ್ಲ, ಒಳಗೆ ಹರಿದು ತೂತು ಬಿತ್ತು. ಆಮೇಲೆ ಹಗಲೂ ರಾತ್ರಿ ಉಚ್ಚೆ ತಾನಾಗಿ ಹರಿಯುತ್ತಿತ್ತು. ಕಲಬುರಗಿಯಲ್ಲಿ ಆಪರೇಷನ್ ಆಯಿತು, ತೂತು ಮುಚ್ಚಿತು, ಆ ಹರಿವು ನಿಂತಿತು. ಇಷ್ಟೂ ಸತ್ಯ. ಉಳಿದರ್ಧ — ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ನನಗೆ ಇವತ್ತಿಗೂ ಸೋರುತ್ತದೆ. ಸೀರೆಯೊಳಗೆ ಮಡಚಿದ ಬಟ್ಟೆ ಇಲ್ಲದೆ ನಾನು ಹೊಸ್ತಿಲು ದಾಟುವುದಿಲ್ಲ. ನಾನು ಉಡುವುದೆಲ್ಲ ಯಾಕೆ ಕಡು ಬಣ್ಣದ ಸೀರೆಗಳೇ ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಊರಿಗೆ ನಾನು ಪೂರ್ತಿ ಆರಾಮಾದ ಅಕ್ಕೋರು. ಆ ಹೆಸರು ನನಗೆ ಬಹಳ ಹಿಡಿಸಿತ್ತು, ಚಂದಮ್ಮಾ.

ನಿನಗೂ ಹೆರಿಗೆಯಲ್ಲಿ ಅದೇ ಗತಿಯಾಯಿತು. ನಿನ್ನ ಅತ್ತೆ ಭಾಗಮ್ಮ ನಿನ್ನ ಹಾಸಿಗೆಯನ್ನು ಕೊಟ್ಟಿಗೆಗೆ ಹಾಕಿದಳು. ಆಗ ಆಪರೇಷನ್ನಿಗೆ ಅವಳನ್ನು ಒಪ್ಪಿಸಿದ್ದು ನಾನು. "ನನ್ನ ನೋಡ್ರಿ, ಒಂದು ಹನಿ ಬೀಳಲ್ಲ" ಅಂದೆ. ನಿನ್ನನ್ನು ಬಸ್ಸಿನಲ್ಲಿ ಕಲಬುರಗಿಗೆ ಕರೆದುಕೊಂಡು ಹೋದವಳೂ ನಾನೇ. ಆಪರೇಷನ್ ಮುಗಿದ ಮೇಲೆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಒಂದೊಂದೂ ನೆನಪಿದೆ — ತೂತು ಮುಚ್ಚಿದೆ, ಆದರೂ ಕೆಲವರಿಗೆ ಸ್ವಲ್ಪ ಸೋರಿಕೆ ಉಳಿಯುತ್ತದೆ, ಉಚ್ಚೆ ತಡೆಯುವಂತೆ ಬಿಗಿ ಹಿಡಿಯುವ ವ್ಯಾಯಾಮ ಮಾಡಿಸಿ, ನೀರು ಕುಡಿಯುವುದನ್ನು ಬಿಡಿಸಬೇಡಿ, ಮೂರು ತಿಂಗಳಿಗೆ ತೋರಿಸಿ. ನಿಮ್ಮ ಮಾತಲ್ಲಿ ತಿಳಿಸಿ ಹೇಳಿ ಎಂದು ನನಗೇ ಒಪ್ಪಿಸಿದರು.

ನಾನು ನಿನಗೆ ಹೇಳಿದ್ದು "ತೂತು ಮುಚ್ಯದ" ಅಂತ. ಅಷ್ಟೇ. ಉಳಿದದ್ದು ಹೇಳಿದರೆ ನಿಮಗೂ ಹಾಗೇ ಏನ್ರಿ ಎಂದು ನೀನು ಕೇಳುತ್ತಿದ್ದೆ. ನೀನು ಕೇಳಿಯೂ ಕೇಳಿದೆ. ತಿಂಗಳ ಮೇಲೆ ಅಂಗನವಾಡಿ ಬಾಗಿಲಲ್ಲಿ ನಿಂತು, ದನಿ ಇಳಿಸಿ — "ಅಕ್ಕೋರ, ಕೆಮ್ಮಿದ್ರ ನಿಮಗೂ ಹನಿ ಬೀಳ್ತದೇನ್ರಿ?"

"ಇಲ್ಲವ್ವ. ನನಗ ಪೂರ್ತಿ ಆರಾಮ ಆಗ್ಯದ."

ನೀನು ತಲೆ ತಗ್ಗಿಸಿ ಹೋದೆ. ನಿನ್ನೊಬ್ಬಳ ಮೈಯೇ ಸರಿಯಿಲ್ಲ ಎಂದು ನೀನು ಅಂದುಕೊಂಡೆ. ಸೋರೀತೆಂದು ನೀರು ಕುಡಿಯುವುದನ್ನೇ ಬಿಟ್ಟೆ. ಇತ್ತ ನಾನು ಮೀಟಿಂಗ್ ಇದೆ ಎಂದು ಹೇಳಿ ಕಲಬುರಗಿಗೆ ತೋರಿಸಲು ಹೋಗಿ ಬರುತ್ತಿದ್ದೆ. ಮಕ್ಕಳು ಒಂದರಿಂದ ಹತ್ತು ಎಣಿಸುವಾಗ ಅವರ ಜೊತೆ ನಾನೂ ಎಣಿಸುತ್ತ ಬಿಗಿ ಹಿಡಿದು ಬಿಡುತ್ತಿದ್ದೆ. ಅದರಿಂದ ಸೋರುವುದು ಅರ್ಧ ಕಡಿಮೆಯಾಗಿತ್ತು. ನಿನಗೆ ಕಲಿಸಲಿಲ್ಲ.

ಆಮೇಲೆ ಸೀಮಂತದ ಆ ದಿನ. ಅಂಗನವಾಡಿಯಲ್ಲಿ ಬಸುರಿಯರಿಗೆ ಉಡಿ ತುಂಬಿ ಮುಗಿದಿತ್ತು. "ಅಕ್ಕೋರಿಗೂ ತುಂಬ್ರೆ, ಚಂದಮ್ಮಗೂ ತುಂಬ್ರೆ, ಇಬ್ಬರೂ ಗೆದ್ದು ಬಂದಾರ" ಎಂದು ಹೆಂಗಸರು ಹಟ ಹಿಡಿದರು. ಮೊದಲು ನನ್ನನ್ನು ಮಣೆಯ ಮೇಲೆ ಕೂರಿಸಿದರು. ಯಾರೋ ನನ್ನ ಗಂಡನ ಹೆಸರು ಹೇಳಿಸಲು ಕಾಡಿದರು. ಎಲ್ಲರೂ ನಕ್ಕರು, ನಾನೂ ಹೊಟ್ಟೆ ಹಿಡಿದು ನಕ್ಕೆ. ಬಟ್ಟೆ ತಾಳಲಿಲ್ಲ.

ನನಗೆ ಗೊತ್ತಾಯಿತು. ಗೊತ್ತಾಗಿಯೂ ಎದ್ದು, ಸೆರಗು ಸರಿ ಮಾಡಿಕೊಂಡು, "ಬಾರವ್ವ, ಕೂಡು" ಎಂದು ನಿನ್ನ ಕೈ ಹಿಡಿದು ಅದೇ ಮಣೆಗೆ ಕೂರಿಸಿದೆ.

ನೀನು ಎದ್ದಾಗ ನಿನ್ನ ಹಳದಿ ಸೀರೆಯ ಹಿಂದೆ ಅಗಲವಾದ ಕಲೆ. ಭಾಗಮ್ಮ ಎಲ್ಲರೆದುರು ಕೂಗಿದಳು — "ಇನ್ನೂ ಸೋರ್ತದೇನ ಬೇ ನಿಂದು?" ಆಗ ನಾನು ಬಾಯಿ ಬಿಟ್ಟೆ. ಬಹಳ ಮೆತ್ತಗೆ, ಬಹಳ ಕರುಣೆಯಿಂದ.

"ಇರ್ಲಿ ಬಿಡ್ರಿ, ಪಾಪ. ಆಕಿಗಿ ಇನ್ನೂ ಪೂರ್ತಿ ಆರಾಮ ಆಗಿಲ್ಲ."

ಬೈದಿದ್ದರೆ ನೀನು ಎದುರಾಡುತ್ತಿದ್ದೆಯೋ ಏನೋ. ಸೋರಿದ್ದು ನಿನ್ನದೇ ಎಂದು ನೀನು ನಂಬಿಬಿಟ್ಟೆ. ಉಡಿಯ ಅಕ್ಕಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಬಗ್ಗಿ, ನಿನ್ನ ಸೆರಗಿನಿಂದ ಆ ಮಣೆ ಒರೆಸಿದೆ. ನನ್ನ ಉಚ್ಚೆಯನ್ನು. ನಾನು ನೋಡುತ್ತ ನಿಂತಿದ್ದೆ.

ಅಂದಿನಿಂದ ರೊಟ್ಟಿ ಬಡಿಯುವ ಮನೆಗಳಿಗೆ ನಿನ್ನನ್ನು ಕರೆಯಲಿಲ್ಲ, ತೊಗರಿ ಕೊಯ್ಯುವ ಗುಂಪಿನಲ್ಲೂ ಸೇರಿಸಲಿಲ್ಲ. ಸುಗ್ಗಿ ಮುಗಿಯುವ ಮೊದಲೇ ನೀನು ಜೇವರ್ಗಿ ಕಡೆಯ ತವರಿಗೆ ಹೋದೆ, ಇನ್ನೂ ತಿರುಗಿ ಬಂದಿಲ್ಲ. ಹೋಗುವಾಗ ನನ್ನ ಕಾಲು ಮುಟ್ಟಿ ಹೋದೆ. ಅದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನನಗೆ ಹೆದರಿಕೆಯಿತ್ತು ಎನ್ನುವುದು ನಿಜ. ನಿನಗೂ ಇತ್ತು. ಅದನ್ನು ನೆಪ ಮಾಡಿಕೊಳ್ಳುವುದಿಲ್ಲ.

ಬರುವ ಶುಕ್ರವಾರ ಮತ್ತೆ ಸೀಮಂತವಿದೆ. ಹೋದ ಸಲವೂ ಹೇಳಬೇಕೆಂದು ಎದ್ದು ನಿಂತಿದ್ದೆ — ಕಬ್ಬಿಣದ ಮಾತ್ರೆಯ ವಿಷಯ ಮಾತಾಡಿ ಕೂತೆ. ಈ ಸಲ ನಿಂತಲ್ಲ, ಕೂತು ಹೇಳುತ್ತೇನೆ. ಭಾಗಮ್ಮನನ್ನೂ ಕರೆದಿದ್ದೇನೆ. ನಿನ್ನ ಮೇಲೆ ಹೊರಿಸಿದ್ದು ಎಲ್ಲರೆದುರು, ಇಳಿಸುವುದೂ ಎಲ್ಲರೆದುರೇ ಆಗಬೇಕು. ಶನಿವಾರ ಮೊದಲ ಬಸ್ಸಿಗೆ ನಿನ್ನಲ್ಲಿಗೆ ಬಂದು ಇದನ್ನು ಓದುತ್ತೇನೆ. ನೀನು ಮಾತಾಡದಿದ್ದರೂ ಸರಿ, ಆ ವ್ಯಾಯಾಮ ಕಲಿಸಿ, ಒಪ್ಪಿದರೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಅದಕ್ಕೂ ಮೊದಲು, ಶುಕ್ರವಾರ, ಒಂದು ತಂಬಿಗೆ ನೀರು ಕುಡಿದು, ಅದೇ ಮಣೆಯ ಮೇಲೆ ಕೂತು ಹೇಳುತ್ತೇನೆ. ಎದ್ದಾಗ ಒದ್ದೆಯಾಗಿದ್ದರೆ ನಾನೇ ಒರೆಸುತ್ತೇನೆ.