ಕರಾಳರಾಯನ ಹೊಸ ಕೋಟು

ನನ್ನ ಭಾವನಷ್ಟು ಸಾಧುವಾದ ಖಳನಾಯಕನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂಗಡಿಯವನು ಕೊಳೆತ ಟೊಮೆಟೊ ತೂಗಿ ಕೊಟ್ಟರೂ ಥ್ಯಾಂಕ್ಸ್ ಹೇಳಿ ಮನೆಗೆ ತರುವ ಆಸಾಮಿ. ಆದರೆ ಮಕ್ಕಳ ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ ಮೂವತ್ತು ವರ್ಷಗಳಿಂದ ಸೇತುವೆ ಮುರಿಯುತ್ತ, ಹಡಗು ಮುಳುಗಿಸುತ್ತ, ಚಂದ್ರನನ್ನು ಕದಿಯಲು ಹೊಂಚು ಹಾಕುತ್ತ ಬಂದಿರುವ ಮುಖವಾಡದ ಕರಾಳರಾಯ ಇದ್ದಾನಲ್ಲ, ಅವನು ಬೇರೆ ಯಾರೂ ಅಲ್ಲ, ನಮ್ಮ ಭಾವನೇ. ಆ ಚಿತ್ರಕಥೆ ಬರೆಯುವ ಕೈಯೂ ಅವರದು, ಕರಾಳರಾಯನ ಮೈಯೂ ಅವರದು.

ಅದು ಹೇಗೆಂದರೆ, ಭಾವನಿಗೆ ಬಟ್ಟೆಯ ಮಡಿಕೆಯನ್ನು ಊಹಿಸಿಕೊಂಡು ಬರೆಯಲು ಬರುವುದಿಲ್ಲ. ಬೆಟ್ಟ, ಬೆಂಕಿ, ರಾಕೆಟ್ಟು ಎಲ್ಲವೂ ಸಲೀಸು. ಆಕಾಶದಲ್ಲಿ ಹಾರಾಡುವ ಹೀರೊನನ್ನಂತೂ ಕಣ್ಣು ಮುಚ್ಚಿಕೊಂಡು ಬರೆಯುತ್ತಾರೆ. “ಅವನಿಗೇನು ಬಿಡಯ್ಯಾ, ಬಟ್ಟೆ ಹಾಕಿದ್ದಾನೋ ಬಣ್ಣ ಬಳ್ಕೊಂಡಿದ್ದಾನೋ ಗೊತ್ತಾಗಲ್ಲ. ಕರಾಳರಾಯ ಹಾಗಲ್ಲ. ಮರ್ಯಾದಸ್ಥ. ಮೈತುಂಬ ಬಟ್ಟೆ ಹಾಕ್ತಾನೆ,” ಎನ್ನುತ್ತಾರೆ. ಆ ಮೈತುಂಬ ಬಟ್ಟೆಯನ್ನು ಭಾವ ತಾವೇ ಉಟ್ಟು ತೊಟ್ಟು, ಬಟ್ಟೆಬೀರುವಿನ ಕನ್ನಡಿಯ ಮುಂದೆ ಕೈ ಎತ್ತಿ ಅಬ್ಬರಿಸಿ, ಓಡಿಬಂದು ಕಾಗದಕ್ಕಿಳಿಸಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಭಾವನಿಗೆ ಮಾತ್ರ ಎಲ್ಲಕ್ಕೂ ಕನ್ನಡಿ ಬೇಕು.

ನಾನು ಅವರ ಹೆಂಡತಿಯ ತಮ್ಮ. ಅದೇ ಪತ್ರಿಕೆಯಲ್ಲಿ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳೊಳಗೆ ಅಕ್ಷರ ಬರೆಯುವುದು ನನ್ನ ಕೆಲಸ. ‘ಹ್ಹ ಹ್ಹ ಹ್ಹ! ಸಿಕ್ಕಿಬಿದ್ದೆಯಾ!’ ಎಂದು ನನ್ನಷ್ಟು ಸಲ ಬರೆದವರು ಈ ಭೂಮಿಯ ಮೇಲೆ ಇರಲಾರರು. ಹಾಗಾಗಿ ಕರಾಳರಾಯನ ಉಡುಪು ಬದಲಾದದ್ದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ.

ಮೊದಲಿಗೆ ಕರಾಳರಾಯ ಕಡ್ಡಿಯಂತಿದ್ದ, ಏಕೆಂದರೆ ಭಾವ ಕಡ್ಡಿಯಂತಿದ್ದರು. ಕಪ್ಪು ಬನಿಯನ್ನು, ಹೆಗಲಿಗೆ ಹಾಸಿಗೆಯ ಮೇಲಿನ ಬಿಳಿ ಹೊದಿಕೆ. ಮದುವೆಯಾಗಿ ಅಕ್ಕ ಬಂದಳು, ಮನೆಗೆ ಹೊಸ ಪರದೆ ಬಂತು, ಮುಂದಿನ ವಾರವೇ ಕರಾಳರಾಯನ ಮೇಲಂಗಿಯ ಅಂಚಿನಲ್ಲಿ ಸಾಲಾಗಿ ಹೂವುಗಳು ಕಾಣಿಸಿಕೊಂಡವು. ಆಗಿನ ಸಂಪಾದಕರು ಕೇಳಿದ್ದಕ್ಕೆ ಭಾವ ಮುಖ ಗಂಟು ಹಾಕಿಕೊಂಡು, “ಅವು ವಿಷದ ಹೂವು ಸಾರ್,” ಎಂದರು. ಅಕ್ಕನ ಅಡುಗೆ ಮೈಗೆ ಹತ್ತಿ ಹೊಟ್ಟೆ ಮುಂದೆ ಬಂದಾಗ ತಲೆಬುರುಡೆಯ ಬಿಲ್ಲೆಯಿರುವ ಅಗಲವಾದ ಬೆಲ್ಟು ಬಂತು. ಹೊಟ್ಟೆಯ ಜೊತೆಗೆ ಬೆಲ್ಟೂ ಅಗಲವಾಯಿತು. ಕನ್ನಡಕ ಬಂದಾಗ ಮುಖವಾಡಕ್ಕೆ ಗಾಜು ಕೂತಿತು. ಮಂಡಿನೋವು ಶುರುವಾದ ವರ್ಷ ಕರಾಳರಾಯ ಕಿರಣ ಉಗುಳುವ ಊರುಗೋಲು ಹಿಡಿದ. ಒಮ್ಮೆಯಂತೂ ಭಾವ ಮರೆತು, ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆದುಬಿಟ್ಟರು. ಕುದಿಯುವ ಜ್ವಾಲಾಮುಖಿಯ ಅಂಚಿನಲ್ಲಿ ಕರಾಳರಾಯ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತಿದ್ದ. ಅದು ಅಚ್ಚಾಗಿ, ಓದುಗರು ನಕ್ಕು, ಸಂಪಾದಕರು ಕೂಗಾಡಿದ ಮೇಲೆ ಮುಂದಿನ ವಾರದ ಗುಳ್ಳೆಯಲ್ಲಿ ನಾನೇ ಬರೆಯಬೇಕಾಯಿತು: ‘ಮೂರ್ಖ! ಇವು ಲಾವಾರಸವನ್ನೂ ತಡೆಯುವ ಪಾದರಕ್ಷೆಗಳು!’

ಇಷ್ಟರಲ್ಲಿ ಹಳೆಯ ಸಂಪಾದಕರು ನಿವೃತ್ತರಾಗಿ ಹೊಸಬ ಬಂದ. ಹುಡುಗ ಒಳ್ಳೆಯವನೇ, ಆದರೆ ಎದೆಯಲ್ಲಿದ್ದುದು ಸೀದಾ ಬಾಯಿಗೆ ಬರುತ್ತಿತ್ತು. ನಮ್ಮಿಬ್ಬರನ್ನೂ ಕರೆಸಿ, ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಿದ್ದ ಕಾರ್ಡನ್ನು ಓದಿದ: ‘ದಯವಿಟ್ಟು ಕರಾಳರಾಯರಿಗೆ ಹೊಡೆಯಬೇಡಿ. ಅವರಿಗೆ ವಯಸ್ಸಾಗಿದೆ.’

ನನಗೆ ನಗು ತಡೆಯಲಾಗಲಿಲ್ಲ. ಭಾವ ನಗಲಿಲ್ಲ.

“ತಪ್ಪು ತಿಳ್ಕೋಬೇಡಿ ಸಾರ್,” ಎಂದ ಸಂಪಾದಕ. “ಕರಾಳರಾಯನ್ನ ನೋಡಿದ್ರೆ ಈಗ ಮಕ್ಕಳಿಗೆ ಹೆದರಿಕೆ ಆಗ್ತಿಲ್ಲ, ಅಯ್ಯೋ ಪಾಪ ಅನ್ಸತ್ತೆ. ಹೊಸ ವೇಷ ಮಾಡಿ. ಉದ್ದ ಕರಿ ಕೋಟು, ಎತ್ತರದ ಕಾಲರು, ನೋಡಿದ್ರೆ ಎದೆ ಝಲ್ ಅನ್ಬೇಕು. ಮುಂದಿನ ಸಂಚಿಕೆಗೆ ಆಗ್ಲಿಲ್ಲ ಅಂದ್ರೆ ಬೇರೆ ಹುಡುಗ್ರಿದ್ದಾರೆ, ಕಂಪ್ಯೂಟರ್‌ನಲ್ಲಿ ಮಾಡ್ತಾರೆ.”

ಮನೆ ಬಾಗಿಲಿಗೆ ಬಂದಾಗ ಭಾವ, “ಅವನನ್ನ ಬೇರೆಯವರ ಕೈಗೆ ಹೇಗಯ್ಯಾ ಕೊಡ್ಲಿ?” ಎಂದರು. ಭಾವನಿಗೆ ಚಟವಿಲ್ಲ, ಗೆಳೆಯರ ಗುಂಪಿಲ್ಲ, ಆಟೋಟವಿಲ್ಲ. ಇದ್ದದ್ದು ಅಕ್ಕ ಮತ್ತು ಕರಾಳರಾಯ, ಎರಡೇ ಆಸ್ತಿ.

ನನ್ನ ಹಳೆಯ ಉದ್ದ ಕೋಟನ್ನೇ ಹೊರತೆಗೆದೆವು. ಕಾಲರಿಗೆ ರಟ್ಟು ತುರುಕಿ ನಿಲ್ಲಿಸಿದ್ದಾಯಿತು. ಭಾವ ತೊಟ್ಟರೆ ಗುಂಡಿ ಕೂರಲಿಲ್ಲ. ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು, ಆ ಭಂಗಿಯನ್ನು ಬರೆಯಲು ಮೇಜಿಗೆ ಬರುವಷ್ಟರಲ್ಲಿ ಉಸಿರು ಬಿಟ್ಟುಹೋಗಿ ಗುಂಡಿಯೊಂದು ಹಾರಿ ಇಂಕಿನ ಬಾಟಲಿಗೆ ಬಿತ್ತು. ಎರಡು ದಿನ ರಾತ್ರಿಯೂಟ ಬಿಟ್ಟು ನೋಡಿದರು. ಹೊಟ್ಟೆ ಇಳಿಯಲಿಲ್ಲ, ಮುಖ ಇಳಿಯಿತು. ನಾನೇ ಕೋಟು ಹಾಕಿಕೊಂಡು ನಿಂತೆ. ಭಾವ ಒಂದು ಗಳಿಗೆ ನೋಡಿ, “ಗೂಟಕ್ಕೆ ನೇತುಹಾಕಿದ ಹಾಗಿದೆ,” ಎಂದರು.

ಮೂರನೆಯ ಸಂಜೆ ಭಾವ ಮತ್ತೆ ಕೋಟಿನೊಳಗೆ ನುಗ್ಗಿ ಕನ್ನಡಿಯ ಮುಂದೆ ನಿಂತಿದ್ದರು. ನೋಡಿಕೊಳ್ಳಿ ಎಂದು ಅಕ್ಕ ಹೇಳಿ ಹೋಗಿದ್ದ ಹಾಲು ಒಲೆಯ ಮೇಲೆ ಉಕ್ಕಿ ಹರಿಯಿತು. ಅಕ್ಕ ಹಿತ್ತಲಿನಿಂದ ಬಂದು ಒಲೆ ನೋಡಿದಳು, ನಮ್ಮನ್ನು ನೋಡಿದಳು.

“ಬಿಚ್ಚಿ ಕೊಡ್ರೀ ಇಲ್ಲಿ ಆ ಕೋಟನ್ನ,” ಎಂದಳು. ಭಾವ ತೆಪ್ಪಗೆ ಬಿಚ್ಚಿ ಕೊಟ್ಟರು. “ಹೀಗೆ ಹೊಟ್ಟೆ ಒಳಗೆಳ್ಕೊಂಡು ಕುಗ್ಗಿ ನಿಂತ್ರೆ ಯಾರ್ರೀ ಹೆದರ್ತಾರೆ? ಹೆದರಿಸೋದು ಅಂದ್ರೆ ಹೀಗೆ.”

ಕೋಟು ತೊಟ್ಟಳು. ಕಾಲರು ಎತ್ತಿದಳು. ಬಾಗಿಲ ಚೌಕಟ್ಟಿಗೆ ಒಂದು ಕೈ, ಸೊಂಟಕ್ಕೆ ಒಂದು ಕೈ. ತಲೆ ತುಸು ವಾರೆ. ಬಾಯಿಂದ ಒಂದು ಮಾತಿಲ್ಲ.

ದೇವರಾಣೆಗೂ ಹೇಳುತ್ತೇನೆ, ನನಗೆ ಅರಿವಿಲ್ಲದೆಯೇ, “ತಪ್ಪಾಯ್ತು ಅಕ್ಕ, ಇನ್ನೊಂದ್ಸಲ ಹೀಗೆ ಮಾಡಲ್ಲ,” ಎಂಬ ಮಾತು ಬಾಯಿಗೆ ಬಂದುಬಿಟ್ಟಿತು. ಚಿಕ್ಕವನಿದ್ದಾಗ ಆಟ ಮುಗಿಸಿ ತಡವಾಗಿ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತಿರುತ್ತಿದ್ದವಳು ಇವಳೇ. ಪಕ್ಕಕ್ಕೆ ತಿರುಗಿದರೆ ಭಾವನ ಪೆನ್ಸಿಲು ಆಗಲೇ ಓಡುತ್ತಿತ್ತು.

“ಅಲ್ಲಾಡಬೇಡ! ಹಾಗೇ ಇರು!” ಭಾವ ಅಕ್ಕನಿಗೆ ಅಪ್ಪಣೆ ಕೊಟ್ಟದ್ದನ್ನು ಅದೇ ಮೊದಲು ಕೇಳಿದ್ದು.

ಮುಂದಿನೆರಡು ದಿನ ಆ ಮನೆಯಲ್ಲಿ ನಕ್ಕದ್ದೇ ನಕ್ಕದ್ದು. ಅಕ್ಕ ಕುರ್ಚಿ ಹತ್ತಿ ನಗರವನ್ನು ಬೆದರಿಸಿದಳು. ಮೆಟ್ಟಿಲಿಳಿಯುತ್ತ ಕೋಟಿನ ಅಂಚು ಬೀಸಿದಳು. ಹೀರೊನಾಗಿ ಎದುರು ನಿಂತ ನನ್ನ ಕಾಲರು ಹಿಡಿದು, “ಹೇಳಿದ ಸಾಬೂನು ತಂದ್ಯಾ?” ಎಂದಳು. ಭಾವ ಹಸಿವು ನಿದ್ದೆ ಮರೆತು ಬರೆದರು. ಮುಖಕ್ಕೆ ಮುಖವಾಡ, ಮೈಗೆ ಕೋಟು. ಒಳಗಿರುವುದು ಯಾರೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಆ ನಿಲುವು ಅಪ್ಪಟ ಅಕ್ಕನದು. ಕರಾಳರಾಯ ಹುಟ್ಟಿದ ಮೇಲೆ ಮೊದಲ ಸಲ ಭಯ ಹುಟ್ಟಿಸುತ್ತಿದ್ದ.

ಚಿತ್ರಕಥೆಯ ಕೊನೆಯ ಚೌಕ ಉಳಿಯಿತು. ಕೊನೆಯ ಚೌಕದಲ್ಲಿ ಕರಾಳರಾಯ ಏಟು ತಿಂದು ಬೀಳಬೇಕು. ಪುಟ ಹುಟ್ಟಿದಾಗಿನಿಂದ ಅದೇ ನಿಯಮ.

“ಸುಮ್ನೆ ನೆಲದ ಮೇಲೆ ಬಿದ್ಕೋ. ಒಂದೇ ನಿಮಿಷ,” ಎಂದರು ಭಾವ.

“ನಾನ್ಯಾಕ್ರೀ ಬೀಳ್ಲಿ?”

“ನೀನಲ್ಲ ಕಣೇ, ಕರಾಳರಾಯ.”

“ಕೋಟಿನೊಳಗಿರೋದು ನಾನು ತಾನೇ? ನಾನು ಬೀಳಲ್ಲ.”

ಭಾವ ಬೇಡಿಕೊಂಡರು. ನಾನು ಹಲ್ಲು ಗಿಂಜಿದೆ. ಅಕ್ಕ ಹಿಡಿದ ಹಟ ಬಿಡುವವಳಲ್ಲ. ಕಡೆಗೆ ಭಾವ ತಾವೇ ಕೋಟು ಹಾಕಿಕೊಂಡು ಮಂಡಿ ಉಜ್ಜಿಕೊಳ್ಳುತ್ತ ನೆಲಕ್ಕೆ ಬಿದ್ದು, ಎದ್ದು, ಬರೆದು ನೋಡಿದರು. ಅದುವರೆಗಿನ ಚೌಕಗಳಲ್ಲಿ ಸಿಂಹದಂತಿದ್ದವನು ಕೊನೆಯಲ್ಲಿ ಇದ್ದಕ್ಕಿದ್ದಂತೆ ಗುಂಡಗಾಗಿ ಉರುಳಿದ್ದ. ಭಾವ ಅದನ್ನು ಹರಿದು ಹಾಕಿದರು. ಪುಟ ಬೆಳಿಗ್ಗೆ ಅಚ್ಚಿಗೆ ಹೋಗಬೇಕಿತ್ತು.

ಬಹಳ ಹೊತ್ತು ಅಕ್ಕನನ್ನೇ ನೋಡುತ್ತ ಕೂತಿದ್ದರು. ಆಮೇಲೆ, “ಸರಿ, ಬೀಳಬೇಡ. ನಿಂತ್ಕೋ,” ಎಂದರು.

ಕೊನೆಯ ಚೌಕದಲ್ಲಿ ಕರಾಳರಾಯ ನಿಂತೇ ಇದ್ದ. ಎದುರಿಗೆ ಹೀರೊ ಎತ್ತಿದ ಮುಷ್ಟಿಯನ್ನು ಹಾಗೇ ಹಿಡಿದು ಬಾಯಿ ಬಿಟ್ಟಿದ್ದ. ಗುಳ್ಳೆಯಲ್ಲಿ ಏನು ಬರೆಯಲಿ ಎಂದೆ.

“ಏನೂ ಬೇಡ,” ಎಂದಳು ಅಕ್ಕ. “ನಾನು ಬೈದಾಗ ನೀವಿಬ್ರೂ ಯಾವತ್ತು ಹೆದರಿದ್ದೀರಿ? ಸುಮ್ಮನಿದ್ದಾಗ ತಾನೇ.”

ಸಂಪಾದಕ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕೊನೆಯ ಚೌಕದ ಮೇಲೆ ಬೆರಳಿಟ್ಟ.

“ಬೀಳ್ಲೇ ಇಲ್ವಲ್ಲ ಸಾರ್?”

“ಬೀಳಲ್ಲ,” ಎಂದರು ಭಾವ. ಯಾವ ಸಂಪಾದಕರ ಮುಂದೆಯೂ ಅವರ ದನಿ ಅಷ್ಟು ಗಟ್ಟಿಯಾಗಿದ್ದಿಲ್ಲ.

ಅವನು ಮತ್ತೆ ನೋಡಿದ. “ನಮ್ಮಮ್ಮ ನೆನಪಾದ್ರು,” ಎಂದು ತಲೆ ಕೆರೆದುಕೊಂಡ. “ಈ ಕೊನೇ ಪುಟ ಇನ್ಮುಂದೇನೂ ನಿಮ್ಮ ಕೈಯಲ್ಲೇ ಇರ್ಲಿ ಸಾರ್. ಯಾರನ್ನ ನಿಲ್ಲಿಸಿ ಬರೆದ್ರಿ? ಅವರನ್ನ ಮಾತ್ರ ಬಿಡಬೇಡಿ.”

“ಮದುವೆ ಆಗ್ಬಿಟ್ಟಿದ್ದೀನಿ,” ಎಂದರು ಭಾವ.

ಸಂಚಿಕೆ ಬಂದ ದಿನ ಅಕ್ಕ ಕೈ ಒರೆಸಿಕೊಂಡು ಕೂತು, ಪತ್ರಿಕೆಯನ್ನು ತೊಡೆಯ ಮೇಲೆ ಹರಡಿ, ಒಂದೊಂದೇ ಚೌಕ ನೋಡಿದಳು. ಭಾವ ಪರೀಕ್ಷೆ ಬರೆದ ಹುಡುಗನಂತೆ ಅವಳ ಪಕ್ಕ ನಿಂತಿದ್ದರು.

“ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನನ್ನದು ಒಂದು ಚಿತ್ರ ಬರೆದವರಲ್ಲ ನೀವು,” ಎಂದಳು. ದನಿಯಲ್ಲಿ ನಗುವಿತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು. “ಬರೆದ್ರಲ್ಲ ಅಂತೂ, ಅದೂ ಮುಖವಾಡ ಹಾಕಿ.”

“ಬಟ್ಟೆ ಮಡಿಕೆ ಏನೋ ಕಣ್ಣಿಟ್ಟು ನೋಡಿದ್ರೆ ಬರತ್ತೆ,” ಎಂದರು ಭಾವ. “ನಿನ್ನ ಮುಖ ಬರೆಯೋಕೆ ಎಷ್ಟೋ ಸಲ ಕೂತಿದ್ದೀನಿ ಕಣೇ. ನೋಡ್ತಾ ನೋಡ್ತಾ ಬರೆಯೋದೇ ಮರ್ತುಹೋಗತ್ತೆ.”

ಅಕ್ಕ ಕಿವಿಯವರೆಗೂ ಕೆಂಪಾದಳು. ನಾನು ಅಲ್ಲಿರುವುದು ನೆನಪಾಗಿ, “ನೀನು ಹೋಗಿ ಸಾಬೂನು ತಗೊಂಡ್ಬಾ,” ಎಂದು ಗದರಿದಳು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಕೇಳಿಸಿತು: “ಬೆಳಕಿನ್ನೂ ಇದೆ, ಪೆನ್ಸಿಲ್ ತಗೊಳ್ರೀ. ಈಗ ಬರೀರಿ ನೋಡೋಣ.”