ಪ್ರೊಬೇಷನ್ ಸಾರ್ ಮತ್ತು ಆ ಬಂಡೂರಿನವನು

ನಮ್ಮ ಪ್ರೊಬೇಷನ್ ಸಾರ್ ಅವರ ಎಡಗಿವಿಯಿಂದ ಒಂದು ಕುಚ್ಚು ಬಿಳಿ ಕೂದಲು ಹೊರಗೆ ಚಾಚಿಕೊಂಡಿರುತ್ತಿತ್ತು. ಬಲಗಿವಿ ಸ್ವಲ್ಪ ಮಂದ. ಹಾಗಾಗಿ ನಾವು ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಮುಖ ಪಕ್ಕಕ್ಕೆ ತಿರುಗಿಸಿ ಆ ಕೂದಲಿನ ಕಿವಿಯನ್ನು ಮುಂದೆ ಮಾಡುತ್ತಿದ್ದರು. ನನ್ನ ಮಾತನ್ನು ಅಷ್ಟು ಸಮಾಧಾನದಿಂದ ಕೇಳಿದ ಕಿವಿ ಇನ್ನೊಂದಿಲ್ಲ. ಅದು ನನಗೊಬ್ಬನಿಗೇ ಸೇರಿದ್ದು ಎಂದುಕೊಂಡಿದ್ದೆ.

ನಾನು ಕೆರಗೋಡಿನ ಕಡೆಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ, ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ದಾಯಾದಿಯ ತಲೆ ಒಡೆದಿದ್ದೆ. ಕೋರ್ಟು ಜೈಲಿಗೆ ಹಾಕುವ ಬದಲು, ಇವನ ನಡತೆ ನೋಡಿಕೊಳ್ಳಿ ಎಂದು ಸಾರ್ ಕೈಗೆ ಒಪ್ಪಿಸಿತು. ಆಗಾಗ ಮಂಡ್ಯದ ಅವರ ಆಫೀಸಿಗೆ ಹೋಗಿ ಮುಖ ತೋರಿಸಬೇಕಿತ್ತು. ಹೋದೊಡನೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ರಾತ್ರಿ ಮನೇಲಿ ಏನ್ ಅಡುಗೆ ಮಾಡಿದ್ರಯ್ಯಾ?”

“ಮುದ್ದೆ, ಉಪ್ಪೆಸ್ರು ಸಾ.”

“ಸರಿ, ಕೂತ್ಕೋ.”

ಇದೇನು ಊಟದ ವಿಚಾರಣೆ ಎಂದು ಒಮ್ಮೆ ಕೇಳಿಯೇಬಿಟ್ಟೆ. “ಮನೇಲಿ ಉಂಡೋನು ತಟ್ಟಂತ ಹೇಳ್ತಾನೆ. ಎಲ್ಲೆಲ್ಲೋ ಅಲೀತಿರೋನು ಯೋಚ್ನೆ ಮಾಡ್ತಾನೆ” ಎಂದರು. ನಾನು ಒಂದು ದಿನವೂ ಯೋಚನೆ ಮಾಡಿದವನಲ್ಲ.

ನನ್ನನ್ನು ಮೈಕ್‌ಸೆಟ್ ಕೆಲಸಕ್ಕೆ ಹಚ್ಚಿದವರೂ ಅವರೇ. ಈಗ ಮದ್ದೂರಿನಲ್ಲಿ ನನ್ನದೇ ಅಂಗಡಿಯಿದೆ: ಶಾಮಿಯಾನ, ಕುರ್ಚಿ, ಮೈಕು, ಎಲ್ಲ ಬಾಡಿಗೆಗೆ. ಮದುವೆಯ ಮಾತುಕತೆಯಲ್ಲಿ ಕೇಸಿನ ಸುದ್ದಿ ಎತ್ತಿದ್ದರೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಆಮೇಲೆ ಎತ್ತಲು ಬಾಯಿ ಬರಲಿಲ್ಲ. ಸಾರ್ ಅಂಗಡಿಗೆ ಬಂದಾಗ ಹೆಂಡತಿಗೆ “ಹಳೇ ಗಿರಾಕಿ” ಎಂದೆ. ಸಾರ್ ಕಣ್ಣು ಮಿಟುಕಿಸದೆ, “ಹೌದಮ್ಮ, ತುಂಬಾ ಹಳೇ ಗಿರಾಕಿ” ಎಂದು ಅವಳು ಕೊಟ್ಟ ಕಾಫಿ ಕುಡಿದು ಹೋದರು.

ಆಮೇಲೆ ಸಾರ್ ದೊಡ್ಡವರಾದರು. ಜಿಲ್ಲೆ ಜಿಲ್ಲೆಗಳ ಪ್ರೊಬೇಷನ್ ಆಫೀಸಿನ ಮುಖ್ಯಸ್ಥರಿಗೆ, ಪೆರೋಲ್ ನೋಡಿಕೊಳ್ಳುವ ಅಧಿಕಾರಿಗಳಿಗೆ ನಾಯಕತ್ವದ ತರಬೇತಿ ಕೊಡಲು ಇವರನ್ನೇ ಕರೆಯತೊಡಗಿದರು. ಮಂಡ್ಯದಲ್ಲಿ ನಡೆದ ತರಬೇತಿಗೆ ಮೈಕು ನನ್ನದೇ. ಇಸ್ತ್ರಿ ಬಟ್ಟೆಯ ಆ ಸಾಹೇಬರುಗಳು ಪ್ರಶ್ನೆ ಕೇಳುವಾಗೆಲ್ಲ ಸಾರ್ ಎಡಗಿವಿಯನ್ನು ಅವರ ಕಡೆ ತಿರುಗಿಸುತ್ತಿದ್ದರು. ಹಿಂದಿನ ಮೂಲೆಯಲ್ಲಿ ಆಂಪ್ಲಿಫೈಯರ್ ಕಾಯುತ್ತ ಕೂತ ನಾನು, ಆ ಕಿವಿ ಎಷ್ಟು ಜನರ ಕಡೆ ತಿರುಗಿತೆಂದು ಎಣಿಸುತ್ತಿದ್ದೆ.

ಊಟದ ನಂತರ ಸಾರ್, “ಈಗ ಒಬ್ಬ ಹುಡುಗನ ವಿಷಯ ಹೇಳ್ತೀನಿ” ಎಂದರು. ನನ್ನದೇ! ಇನ್ಯಾರದು? ಎಲ್ಲರಿಗೂ ಚೆನ್ನಾಗಿ ಕೇಳಲಿ ಎಂದು ಸೌಂಡು ಸ್ವಲ್ಪ ಏರಿಸಿದೆ.

“ಬಂಡೂರಿನೋನು. ಕುರಿ ಕದ್ದು ಸಿಕ್ಕಿಬಿದ್ದಿದ್ದ. ಅವನ ಬಗ್ಗೆ ನನ್ನ ಕೈಕೆಳಗಿನೋರು ಕಳಿಸ್ತಿದ್ದ ವರದಿ ಎಲ್ಲಾ ಚೆನ್ನಾಗಿತ್ತು. ಚೆನ್ನಾಗಿದೆಯಲ್ಲ ಅಂತ ನಾನು ಆ ಕಡೆ ತಲೇನೇ ಹಾಕಲಿಲ್ಲ. ಅಷ್ಟರಲ್ಲಿ ಅವನು ಊರು ಬಿಟ್ಟು ಪರಾರಿ. ಮೇಲಿರೋರು ನಾವು ಮಾಡೋ ತಪ್ಪೇ ಇದು. ವರದಿ ಚೆನ್ನಾಗಿರೋ ಮನೆಗೇ ಮೊದಲು ಹೋಗಿ.”

ಅವನನ್ನು ಹುಡುಕಿದ್ದು, ಅವನು ಜೈಲಿಗೆ ಹೋದದ್ದು, ತಾಯಿ ಸತ್ತಾಗ ಪೆರೋಲ್ ಕೊಡಿಸಿ ಸಾರ್ ಜೊತೆಯಲ್ಲೇ ನಿಂತದ್ದು, ಎಲ್ಲ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈ ಎಲ್ಲಿ ತಾಗಿತೋ, ಮೈಕು ಕಿರ್ರೋ ಎಂದು ಅರಚಿತು. ಓಡಿಹೋದ ಕುರಿಗಳ್ಳನಿಗೆ ಚಪ್ಪಾಳೆ, ನೆಟ್ಟಗಿದ್ದ ನನಗೆ ವೈರು ಸುತ್ತುವ ಕೆಲಸ.

ಎಲ್ಲರೂ ಹೋದ ಮೇಲೆ ತಡೆಯಲಾಗಲಿಲ್ಲ. “ನನ್ ವಿಸ್ಯ ಯಾಕ್ ಯೇಳ್ನಿಲ್ಲ ಸಾ?”

“ನಿನ್ ಹೆಂಡ್ತಿಗೆ ಗೊತ್ತೇನಯ್ಯಾ?”

“ಇಲ್ಲ ಸಾ.”

“ಆ ಬಂಡೂರಿನೋನನ್ನ ಮೊದ್ಲೇ ಕೇಳ್ದೆ. ಊರಿಗೇ ಗೊತ್ತದೆ, ಯೇಳಿ ಸಾ ಅಂದ. ನಿಂದು ಇನ್ನೂ ಮನೆಗೇ ಗೊತ್ತಿಲ್ಲ. ಅದನ್ನ ಮೈಕಲ್ಲಿ ಹೇಳೋಕೆ ನಾನ್ಯಾರು?”

ಮಾತು ನ್ಯಾಯವಾದದ್ದೇ. ಆದರೂ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ.

ನಿವೃತ್ತರಾಗಿ ಮಳವಳ್ಳಿಯಲ್ಲಿದ್ದ ಸಾರ್ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಸುದ್ದಿ ಬಂದೊಡನೆ ಶಾಮಿಯಾನ, ಕುರ್ಚಿ ಹೇರಿಕೊಂಡು ಹೊರಟೆ. ಹಳೇ ಗಿರಾಕಿಯ ಮುಖ ನೋಡಬೇಕೆಂದು ಹೆಂಡತಿಯೂ ಹಾರ ಹಿಡಿದು ಜೊತೆಗೆ ಬಂದಳು. ನಾನು ಮನೆಯ ಮುಂದೆ ಗೂಟ ಹೊಡೆಯುವಷ್ಟರಲ್ಲಿ ಒಬ್ಬ ಸಾರ್ ತಲೆಯ ಹತ್ತಿರವೇ ಕೂತು ಗೋಳೋ ಎಂದು ಅಳುತ್ತಿದ್ದ. ನೀವು ಯಾರು ಎಂದು ಸಾರ್ ಮಗಳು ಕೇಳಿದಳು.

“ನಾನು ಬಂಡೂರಿನೋನು ಕಣವ್ವ. ಕುರಿ ಕದ್ದು ಸಾರ್ ಕೈಗೆ ಬಂದಿದ್ದೆ. ನನ್ನಷ್ಟು ಬೇಕಾದೋರು ಅವ್ರಿಗೆ ಇನ್ಯಾರೂ ಇರ್ನಿಲ್ಲ.”

ಅವಳು ಅವನ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. “ನೀವು ಶಾಮಿಯಾನದೋರಲ್ವಾ? ಇನ್ನೊಂದಿಷ್ಟು ಕುರ್ಚಿ ಹಾಕಿಸ್ತೀರಾ?”

ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ಬಿಟ್ಟು ಮುಂದೆ ಹೋದೆ.

“ಶಾಮಿಯಾನದೋನೂ ಔದು ಕಣವ್ವ. ಇವ್ನಿಗಿಂತ ಮೊದ್ಲೇ ಸಾರ್ ಕೈಲಿದ್ದೋನು ನಾನು. ತಲೆ ಒಡ್ದು ಬಂದಿದ್ದೆ. ಇವ್ನಂಗೆ ಒಂದಿನಾನೂ ಓಡೋಗಿರ್ನಿಲ್ಲ!”

ಹೇಳಿ ಮುಗಿದ ಮೇಲೆ ಪಕ್ಕದಲ್ಲಿ ಹಾರ ಹಿಡಿದು ನಿಂತಿದ್ದ ಹೆಂಡತಿ ಕಂಡಳು. ಅವಳು ಹಾರ ಹಾಕಿ, ಸಾರ್ ಕಾಲು ಮುಟ್ಟಿ, ಆಚೆ ಹೋಗಿ ಕೂತಳು.

ಸಂಜೆ ಶಾಮಿಯಾನ, ಕುರ್ಚಿ ಗಾಡಿಗೆ ಹೇರಿಕೊಂಡು ಮದ್ದೂರಿನ ದಾರಿ ಹಿಡಿದೆವು. ಊರು ಹತ್ತಿರವಾದಾಗ ಹೆಂಡತಿ ಕೇಳಿದಳು: “ಇಷ್ಟು ವರ್ಸ ಒಟ್ಟಿಗೆ ಬಾಳಿವ್ನಿ, ನಂಗ್ ಯೇಳಕ್ಕೆ ಬಾಯ್ ಬರ್ನಿಲ್ಲ. ಆ ಬಂಡೂರೋನು ನಿಮ್ಗಿಂತ ಮುಂದುಕ್ ಓಗ್ಬುಟ್ಟ ಅಂತ ಬಾಯ್ ಬಂತಾ ನಿಮ್ಗೆ?”

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಮೊದಲೆಲ್ಲ ಮಂಡ್ಯದ ಬಸ್ಸು ಹತ್ತಿ ಹೋಗಿ ಕೇಳುತ್ತಿದ್ದುದು ಒಬ್ಬರನ್ನೇ. ಅವರನ್ನು ಮಣ್ಣು ಮಾಡಿ ಬರುತ್ತಿದ್ದೆವು.