ನಾಲ್ಕನೆಯ ವಾಕ್ಯ

ಕರಿಹಲಗೆಯಿಂದ ಹಿಂದಿನ ಗೋಡೆಗೆ ಹನ್ನೊಂದು ಹೆಜ್ಜೆ. ಸೀರೆ ಉಟ್ಟ ದಿನದ ಹೆಜ್ಜೆಗಳವು. ಚೂಡಿದಾರದಲ್ಲಿದ್ದಿದ್ದರೆ ಹತ್ತಕ್ಕೇ ಮುಗಿಯುತ್ತಿತ್ತೇನೋ. ಮೊನ್ನೆ ಸಂಜೆ ಸುರಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಹೆಡ್ ಮೇಡಂ ಬರುವುದನ್ನು ಕಾಯುತ್ತ, ಯಾರೂ ಇಲ್ಲದ ತರಗತಿಯೊಳಗೆ ಹೀಗೆ ಅಳೆದೆ. ಅಳೆದು ಮುಗಿಸಿದ ಮೇಲೆಯೇ ಗೊತ್ತಾದದ್ದು, ನನ್ನ ಕಾಲುಗಳು ನನ್ನನ್ನು ಕೇಳದೆ ಹಳೆಯ ಕೆಲಸಕ್ಕೆ ಇಳಿದಿವೆ ಎಂದು. ಕೆಂಭಾವಿಯ ಶಾಲೆಯ ಕೋಣೆಯೂ ಹನ್ನೊಂದೇ ಹೆಜ್ಜೆ ಇತ್ತು. ಸರಕಾರದ ಕೋಣೆಗಳೆಲ್ಲ ಒಂದೇ ನಕ್ಷೆಯವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಕೂತೆ. ಸಮಾಧಾನವೇನೂ ಆಗಲಿಲ್ಲ.

ನನ್ನನ್ನು ಅಲ್ಲಿಗೆ ಕರೆಸಿದ್ದು ಹತ್ತನೆಯ ತರಗತಿಯ ಹುಡುಗಿಯರಿಗೆ ಮೂರು ದಿನ ಆತ್ಮವಿಶ್ವಾಸದ ತರಬೇತಿ ಕೊಡಲು. ಓದುತ್ತಿರುವ ನಿಮಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ಆತ್ಮವಿಶ್ವಾಸ ಕಲಿಸುವವಳೆಂದರೆ ಎದೆ ಮುಂದೆ ಮಾಡಿ ನಡೆಯುವ ಹೆಂಗಸೊಬ್ಬಳು ನಿಮ್ಮ ಕಣ್ಣಿಗೆ ಬಂದರೆ, ಅವಳು ನಾನಲ್ಲ. ನನ್ನ ಸ್ಟಾಪು ಬಂದಾಗ ಕಂಡಕ್ಟರನಿಗೆ ‘ಹೋಲ್ಡಾನ್’ ಎನ್ನಲು ಸಂಕೋಚವಾಗಿ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದವಳು ನಾನು. ಯಾದಗಿರಿಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದವರು ಏನು ಓದಿದ್ದೀ ಎಂದು ಕೇಳಿದಾಗ, ಕಲಬುರಗಿಯಲ್ಲಿ ಓದಿ ಪಡೆದ ಸ್ನಾತಕೋತ್ತರ ಪದವಿಯ ಹೆಸರನ್ನು ನನ್ನ ಪರವಾಗಿ ನನ್ನ ತಮ್ಮ ಹೇಳಿದ್ದ. ‘ಭಾಳ ಸಂಭಾವಿತ ಹುಡುಗಿ’ ಎಂದು ಮೆಚ್ಚಿ ಹೋದರು. ಆಮೇಲೆ ಬೇರೆ ಏನೋ ಕಾರಣಕ್ಕೆ ಅದು ಮುರಿಯಿತು. ಕಾರಣ ಏನೆಂದು ನಾನು ಕೇಳಲಿಲ್ಲ.

ಇಂಥವಳಿಗೆ, ಆರು ವರ್ಷದ ಹಿಂದೆ, ಒಂದು ಸಣ್ಣ ಸಂಸ್ಥೆಯವರು ಹುಡುಗಿಯರಿಗೆ ಧೈರ್ಯ ಕಲಿಸುವ ಕೆಲಸ ಕೊಟ್ಟರು. ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿತ್ತು, ವಯಸ್ಸು ಇಪ್ಪತ್ತಮೂರು, ಕೈಯಲ್ಲಿ ಹೊಸ ಬ್ಯಾಗು. ಮೊದಲ ಶಾಲೆ ಕೆಂಭಾವಿಯದು. ನನ್ನ ಉಪಾಯ ಸರಳವಾಗಿತ್ತು. ಹಿಂದಿನ ಗೋಡೆಯ ಬುಡಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನಾನು ಅಲ್ಲಿ ನಿಲ್ಲುವುದು. ಹುಡುಗಿ ಕರಿಹಲಗೆಯ ಮುಂದೆ ನಿಂತು, ತಲೆ ಎತ್ತಿ, ನನ್ನ ಕಣ್ಣನ್ನು ನೋಡುತ್ತ ನಾಲ್ಕು ವಾಕ್ಯ ಹೇಳಬೇಕು. ನನ್ನ ಹೆಸರು ಇಂಥದ್ದು. ನಮ್ಮ ಊರು ಇಂಥದ್ದು. ನಾನು ಇಷ್ಟನೆಯ ತರಗತಿ ಓದುತ್ತಿದ್ದೇನೆ. ಮುಂದೆ ನಾನು ಇಂಥವಳಾಗಬೇಕು. ನಾಲ್ಕೂ ನನಗೆ ಕೇಳಿಸಿದರೆ ಗೆದ್ದಂತೆ.

ಮೊದಲ ದಿನ ಒಬ್ಬಳ ಹೆಸರೂ ಅರ್ಧ ಕೋಣೆ ದಾಟಲಿಲ್ಲ. ದ್ಯಾವಮ್ಮ ಎಂಬ ಹುಡುಗಿಯ ಸರದಿ ಬಂತು. ಸಂತೆಯ ಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟವರ ಮಗಳು. ಎರಡು ಜಡೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ್ದು. ತುಟಿ ಅಲುಗಿತು, ಅಷ್ಟೇ.

“ಕೇಳಿಸಲಿಲ್ಲ,” ಎಂದೆ.

ಮುಂದಿನ ಬೆಂಚಿನವಳೊಬ್ಬಳು ಎದ್ದು, “ಆಕಿ ಹಂಗೇರಿ ಅಕ್ಕೋರೇ. ಹೆಸರ ನುಂಗತಾಳ,” ಎಂದಳು.

“ಹೆಸರೇನ ರೊಟ್ಟಿ ತುಣುಕೇನಬೇ, ನುಂಗಾಕ?” ಇನ್ನೊಬ್ಬಳ ಮಾತು. ಇಡೀ ಕೋಣೆ ನಕ್ಕಿತು. ದ್ಯಾವಮ್ಮನೂ ನಕ್ಕಳು. ಆ ನಗೆ ಮಾತ್ರ ಗೆರೆಯವರೆಗೆ ಸ್ಪಷ್ಟವಾಗಿ ಕೇಳಿಸಿತು. ಅವಳಿಗೆ ಧ್ವನಿ ಇದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಎಂಟು ಶನಿವಾರ ಹೋದೆ. ಯಾದಗಿರಿಯಿಂದ ಶಹಾಪುರ, ಅಲ್ಲಿ ಬಸ್ಸು ಬದಲಿಸಿ ಕೆಂಭಾವಿ. ಕಾಲುವೆ ನೀರಿನ ಹಸಿರು ಗದ್ದೆಗಳು ಮುಗಿದು ಒಣ ಹೊಲಗಳು ಶುರುವಾಗುವ ಹೊತ್ತಿಗೆ ನಾನು ಬಸ್ಸಿನಲ್ಲಿ ಕೂತೇ ಆ ದಿನದ ಪಾಠ ಗುನುಗಿಕೊಳ್ಳುತ್ತಿದ್ದೆ. ನನಗೂ ಅಭ್ಯಾಸ ಬೇಕಿತ್ತಲ್ಲ. ಎಂಟನೆಯ ಶನಿವಾರ ತಾಯಂದಿರನ್ನು ಕರೆಸಿ ಗೆರೆಯ ಮೇಲೆ ನಿಲ್ಲಿಸಿದೆ. ದ್ಯಾವಮ್ಮ ಕರಿಹಲಗೆಯ ಮುಂದೆ ನಿಂತು ತಲೆ ಎತ್ತಿದಳು. “ನನ್ನ ಹೆಸರು ದ್ಯಾವಮ್ಮ. ನಮ್ಮ ಊರು ಕೆಂಭಾವಿ. ನಾನು ಹತ್ತನೇ ತರಗತಿ ಓದುತ್ತಿದ್ದೇನೆ. ಮುಂದೆ ನಾನು ಶಹಾಪುರದಲ್ಲಿ ಸೈನ್ಸ್ ಓದಿ ನರ್ಸ್ ಆಗಬೇಕು.” ಪುಸ್ತಕದ ಕನ್ನಡದಲ್ಲಿ, ಒಂದು ಅಕ್ಷರವನ್ನೂ ನುಂಗದೆ ಹೇಳಿದಳು. ಅವಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಕಿಟಕಿಯ ಕಡೆಗೆ ತಿರುಗಿದೆ. ಇಷ್ಟು ಸುಲಭವೇ ಇದು, ಎಂದುಕೊಂಡೆ. ಆ ದಿನದ ನನ್ನ ಹೆಮ್ಮೆಯನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಮೂರು ವಾರದ ನಂತರ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕರು. ದೂರದಿಂದಲೇ ಕೈ ಎತ್ತಿ ಓಡುತ್ತ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಅಕ್ಕೋರೇ, ನಿಮ್ಮ ಪುಣ್ಯೇದಿಂದ ನಮ್ಮ ದ್ಯಾವಿದು ಗಟ್ಟಿ ಆತ್ರಿ!”

“ಏನು ಗಟ್ಟಿ ಆಯಿತು?”

“ಲಗ್ನರೀ ತಾಯಿ! ಮೊದಲ ಎರಡ ಸರ್ತಿ ನೋಡಾಕ ಬಂದವ್ರು, ಹುಡುಗಿ ಮೂಕಿ ಏನ್ರಿ ಅಂತ ಕೇಳಿ ಎದ್ದ ಹೋಗಿದ್ರು. ಈ ಸರ್ತಿ ನೋಡಬೇಕಿತ್ರಿ ನೀವು. ಅವರ ಹಿರ್ಯಾ ‘ಹೆಸರೇನವ್ವಾ’ ಅಂದ. ತಲಿ ಎತ್ತಿ ಹೇಳಿದ್ಲು. ‘ಯಾವೂರು’ ಅಂದ. ಹೇಳಿದ್ಲು. ‘ಏನ ಓದಾಕತ್ತಿ’ ಅಂದ. ಅದೂ ಹೇಳಿದ್ಲು. ಇನ್ನೂ ಏನೋ ಹೇಳಾಕ ಬಾಯಿ ತಗದ್ಲು, ಆ ಹಿರ್ಯಾ ನಕ್ಕಬಿಟ್ಟ. ‘ಸಾಕ ತಾಯಿ, ಸಾಕು. ಧ್ವನಿ ಛಲೋ ಅದ, ನಮ್ಮ ಮನಿಗೆ ಇಂಥಾಕಿನೇ ಬೇಕು, ಕೂಡು’ ಅಂದ.”

ನನಗೆ ಬಸ್ಸುಗಳ ಸದ್ದು ಕೇಳಿಸುವುದು ನಿಂತುಹೋಯಿತು. ನೋಡಲು ಬಂದವರು ಕೇಳುವ ಪ್ರಶ್ನೆಗಳು ಯಾವುವು ಎಂದು ನನಗೆ ಗೊತ್ತಿರಲಿಲ್ಲವೇ? ನನ್ನನ್ನೂ ಹೆಣ್ಣು ನೋಡುವ ಇಂಥದೇ ಚಾಪೆಯ ಮೇಲೆ ಕೂಡಿಸಿ ಅದೇ ಮೂರನ್ನು ಕೇಳಿದ್ದರು. ಹೆಸರು, ಊರು, ಓದು. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ. ಎಂಟು ಶನಿವಾರ ನಾನು ಆ ಹುಡುಗಿಗೆ ಕಲಿಸಿದ್ದು ಆ ಚಾಪೆಯ ಮೇಲೆ ಗೆಲ್ಲುವುದನ್ನು. ಮೂಕಿಯಾಗಿಯೇ ಉಳಿದಿದ್ದರೆ ಇನ್ನೂ ನಾಲ್ಕು ಮಂದಿ ಎದ್ದು ಹೋಗುತ್ತಿದ್ದರು. ಅಷ್ಟರಲ್ಲಿ ಅವಳು ಶಹಾಪುರದ ಕಾಲೇಜು ಮುಗಿಸುತ್ತಿದ್ದಳು. ಅವಳ ಆ ನುಂಗುವಿಕೆಯೇ ಅವಳನ್ನು ಕಾಯುತ್ತಿತ್ತು. ನಾನು ಹೋಗಿ ಅದನ್ನು ಬಿಡಿಸಿದೆ.

“ಅವಳಿಗಿನ್ನೂ ಹದಿನೈದು,” ಎಂದೆ. ನನ್ನ ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

“ಲಗ್ನ ಈಗೇನಿಲ್ರಿ. ಹದಿನೆಂಟ ತುಂಬಲಿ, ಕಾನೂನು ನಮಗೂ ಗೊತ್ತದ. ಈಗ ಬರೇ ಸಕ್ಕರಿ ಹಂಚಿ ಮಾತ ಗಟ್ಟಿ ಮಾಡೋದು.”

“ಹಾಗಾದರೆ ಕಾಲೇಜಿಗೆ ಕಳಿಸಬಹುದಲ್ಲ?”

ತಾಯಿ ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. “ಗಟ್ಟಿ ಆದ ಹುಡುಗೀನ ದಿನಾ ಬಸ್ಸಿನಾಗ ಹ್ಯಾಂಗ ಕಳಸ್ತಾರ್ರಿ? ಬೀಗರ ಏನಂದಾರು?” ಆಮೇಲೆ ಧ್ವನಿ ತಗ್ಗಿಸಿ, “ಆಕಿದೂ ಆಸಿ ಅದರೀ, ಇಲ್ಲ ಅನ್ನಂಗಿಲ್ಲ. ನೀವು ಸಕ್ಕರಿ ದಿನ ಬರ್ರಿ. ಆಕಿ ಅಪ್ಪ ನಿಮ್ಮ ಮಾತಂದ್ರ ಕೇಳ್ತಾನ,” ಎಂದರು.

ಆ ಕೊನೆಯ ಮಾತನ್ನು ಹಿಡಿದುಕೊಂಡು ಹೋದೆ. ಏನು ಹೇಳಬೇಕು ಎಂದು ಬಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡಿದ್ದೆ. ಎರಡು ವರ್ಷ ಕಾಲೇಜಿಗೆ ಕಳಿಸಿ, ಬೀಗರನ್ನು ನಾನು ಒಪ್ಪಿಸುತ್ತೇನೆ. ಎರಡೇ ವಾಕ್ಯ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತಿದ್ದರು. ದ್ಯಾವಮ್ಮ ಹೊಸ ಸೀರೆಯಲ್ಲಿ, ಹಣೆ ತುಂಬ ಕುಂಕುಮದಲ್ಲಿ ಗೋಡೆಗೊರಗಿ ಕೂತಿದ್ದಳು. ನಾನು ಒಳಗೆ ಕಾಲಿಟ್ಟದ್ದೇ ಅವಳ ತಂದೆ ಎದ್ದು ನಿಂತರು.

“ಬರ್ರಿ ಬರ್ರಿ. ಬೀಗರ, ಇವರೇ ನೋಡ್ರಿ ನಮ್ಮ ಹುಡುಗಿಗೆ ಮಾತ ಕಲಿಸಿದ ಅಕ್ಕೋರು.”

“ಹೌದೇನ್ರಿ?” ಗಂಡಿನ ತಂದೆ ಕೈಮುಗಿದರು. “ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ್ರಿ, ಬೆಕ್ಕಿನಂಗ ಮೂಲಿ ಹಿಡಿತಾಳ. ಆಕಿಗೂ ಒಂದೀಟ ಕಲಸ್ರಿ.” ಎಲ್ಲರೂ ನಕ್ಕರು.

ದ್ಯಾವಮ್ಮನ ತಂದೆ ಸ್ಟೀಲಿನ ತಟ್ಟೆ ನನ್ನ ಮುಂದೆ ಹಿಡಿದರು. “ಕಲಿಸಿದವ್ರು ನೀವು. ಮೊದಲನೇ ಸಕ್ಕರಿ ನೀವ ತಗೋಬೇಕು. ಏನರೆ ನಾಕ ಮಾತ ಹೇಳ್ರಿ.”

ಹೇಳಿ ಎಂದು ಅವರೇ ಕೇಳಿದ್ದರು. ಆ ಪಡಸಾಲೆಯಲ್ಲಿ ಇಪ್ಪತ್ತು ಮಂದಿ ನನ್ನ ಬಾಯಿ ನೋಡುತ್ತಿದ್ದರು. ದ್ಯಾವಮ್ಮ ತಲೆ ಎತ್ತಿ ನೇರವಾಗಿ ನನ್ನ ಕಣ್ಣನ್ನು ನೋಡಿದಳು, ನಾನು ಹೇಳಿಕೊಟ್ಟಂತೆಯೇ. ನಾನು ಕಣ್ಣು ತಗ್ಗಿಸಿದೆ. ಒಂದು ಚಿಟಿಕೆ ಸಕ್ಕರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. “ಒಳ್ಳೆಯದಾಗಲಿ,” ಎಂದೆ. ತಟ್ಟೆ ಮುಂದಿನವರಿಗೆ ಹೋಯಿತು.

ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಅಕ್ಕೋರೇ, ಅವತ್ತ ನಾ ಅವರ ಮುಂದ ಹೇಳಿದ್ದು ಬರೋಬ್ಬರಿ ಇತ್ರಿ. ನಾಕನೇದ್ದೂ ಹೇಳಾಕ ಹೋಗಿದ್ದೆ,” ಎಂದಳು. ಸೆರಗು ಸರಿಮಾಡಿಕೊಂಡು, “ನೀವು ಹೇಳ್ತೀರಂತ ಮಾಡಿದ್ದೆ,” ಎಂದಳು. ಒಳಗಿನಿಂದ ಯಾರೋ ಕೂಗಿದರು. ಹೋದಳು.

ಅವಳು ಹತ್ತನೆಯದನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದಳು. ಅಂಕಪಟ್ಟಿಯನ್ನು ಶಾಲೆಯಿಂದ ತಂದವರು ತಂದೆ. ಮೂರು ವರ್ಷದ ನಂತರ ಮದುವೆಯ ಕಾರ್ಡು ನನಗೂ ಬಂತು. ಕೆಲಸದ ನೆಪ ಹೇಳಿ ತಪ್ಪಿಸಿಕೊಂಡೆ. ಆ ಊರಿನ ಕಡೆಯವರು ಯಾರಾದರೂ ಸಿಕ್ಕರೆ ಈಗಲೂ ಅವಳನ್ನು ಹೊಗಳುತ್ತಾರೆ. ಅತ್ತೆಯನ್ನು ದವಾಖಾನೆಗೆ ಕರೆದುಕೊಂಡು ಬಂದರೆ ಡಾಕ್ಟರ ಮುಂದೆ ರೋಗವನ್ನು ಸೊಸೆಯೇ ವಿವರಿಸಿ ಹೇಳುತ್ತಾಳಂತೆ, ಸ್ವಲ್ಪವೂ ಅಂಜುವುದಿಲ್ಲವಂತೆ. ಇದನ್ನು ಅವರು ನನಗೆ ಸಂತೋಷವಾಗಲಿ ಎಂದು ಹೇಳುತ್ತಾರೆ. ಮೇಜಿನ ಆಚೆ ಬದಿಯಲ್ಲಿ ಬಿಳಿ ಕೋಟು ಹಾಕಿ ನಿಲ್ಲಬೇಕಾದ ಹುಡುಗಿ ಈಚೆ ಬದಿಯಲ್ಲಿ ಅಷ್ಟು ಚೆಂದ ಮಾತಾಡುತ್ತಾಳೆ ಎಂಬುದನ್ನು ಎಲ್ಲಿ ಇಟ್ಟುಕೊಳ್ಳಲಿ? ನಾನು ತರಬೇತಿಯ ಕೆಲಸ ಬಿಟ್ಟೆ. ಅದೇ ಸಂಸ್ಥೆಯಲ್ಲಿ ಕಾಗದಪತ್ರ ನೋಡುವ ಕುರ್ಚಿ ಕೇಳಿ ಪಡೆದೆ. ಅಲ್ಲಿ ಮಾತಾಡಬೇಕಾಗಿಲ್ಲ.

ಹೀಗಿರುವಾಗ ತರಬೇತಿಯವರು ಯಾರೂ ಇಲ್ಲವೆಂದು ಮೊನ್ನೆ ನನ್ನನ್ನೇ ಸುರಪುರಕ್ಕೆ ಕಳಿಸಿದ್ದರು. ಬೆಂಚಿನ ಮೇಲೆ ಕೂತು ಇಷ್ಟನ್ನೂ ನೆನೆಯುತ್ತಿರುವಾಗ ಹೆಡ್ ಮೇಡಂ ಬಂದರು. ನಿವೃತ್ತಿಯ ಹತ್ತಿರದ, ನಗುಮುಖದ ಹೆಂಗಸು.

“ಈ ಸಲ ತಾಯಂದಿರೇ ಕೇಳ್ಯಾರ್ರಿ, ಧೈರ್ಯದ ಕ್ಲಾಸ್ ಇಡ್ರಿ ಅಂತ,” ಎಂದರು ಖುಷಿಯಿಂದ.

“ಯಾಕೆ?” ಎಂದೆ. ನನಗೆ ಉತ್ತರ ಗೊತ್ತಿತ್ತು.

“ಯಾಕಂದ್ರ? ಈಗ ಮಾತಾಡೋ ಹುಡುಗೀನೇ ಬೇಕಂತಾರ್ರಿ ಗಂಡಿನವ್ರು. ಬೋನಾಳದ ಹುಡುಗಿ ಒಬ್ಬಾಕಿ ಅದಾಳ, ಕುರಿ ಸಾಕೋರ ಮನೀದು. ಐತವಾರ ನೋಡಾಕ ಬರ್ತಾರಂತ. ಅಷ್ಟರಾಗ ಆಕಿನ್ನ ಒಂದೀಟ ತಯಾರ ಮಾಡಿಕೊಡ್ರಿ. ಶಾಣ್ಯಾಕಿ ಅದಾಳ, ಗಣಿತದಾಗ ಮುಂದ. ಬಾಯಿ ಮಾತ್ರ ಇಲ್ಲ.”

ಕೆಂಭಾವಿಯ ಒಬ್ಬ ತಾಯಿಯ ತಿಳುವಳಿಕೆ ಎಂದು ನಾನು ಅಂದುಕೊಂಡದ್ದು ಈಗ ತಾಲೂಕಿನ ತಿಳುವಳಿಕೆಯಾಗಿತ್ತು. ನಾವು ಕಟ್ಟಲು ಹೊರಟ ಧೈರ್ಯವನ್ನು, ಬಣ್ಣ ಎಷ್ಟು, ಎತ್ತರ ಎಷ್ಟು ಎಂಬುದರ ಪಕ್ಕದಲ್ಲಿ ಇನ್ನೊಂದು ಗುಣವಾಗಿ ಜೋಡಿಸಿಕೊಂಡಿದ್ದರು. ಯಾರನ್ನು ಬೈಯಲಿ? ಮಗಳು ಮೂಕಿ ಎನ್ನಿಸಿಕೊಳ್ಳಬಾರದು ಎಂಬುದು ಆ ತಾಯಂದಿರ ಪ್ರೀತಿಯೇ. ನಾಳೆ ಕ್ಲಾಸು ಮಾಡಿದರೆ ಬೋನಾಳದ ಹುಡುಗಿ ಭಾನುವಾರ ಗೆಲ್ಲುತ್ತಾಳೆ. ಮಾಡದಿದ್ದರೆ ಮೂಕಿ ಎಂಬ ಹೆಸರು ಹೊತ್ತುಕೊಂಡು ಮುಂದಿನವರು ಬರುವುದನ್ನು ಕಾಯುತ್ತಾಳೆ. ಇದರಲ್ಲಿ ಯಾವುದು ಅವಳಿಗೆ ಒಳ್ಳೆಯದು ಎಂದು ಹೇಳುವಷ್ಟು ಓದು ನನ್ನದಲ್ಲ. ಹೆಡ್ ಮೇಡಂ ಹತ್ತಿರ ಆ ಹುಡುಗಿಯ ತಂದೆಯ ಹೆಸರನ್ನಷ್ಟೇ ಕೇಳಿ ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಶಾಲೆಯ ಗಂಟೆಗೆ ಮೊದಲೇ ಬೋನಾಳಕ್ಕೆ ಹೋದೆ. ಆತ ಕುರಿಗಳನ್ನು ದೊಡ್ಡಿಯಿಂದ ಹೊರಗೆ ಬಿಡುತ್ತಿದ್ದ. ಹೆಗಲ ಮೇಲೆ ಕಂಬಳಿ.

“ನಿಮ್ಮ ಮಗಳ ಸಾಲಿ ಕಡಿಂದ ಬಂದೀನ್ರಿ,” ಎಂದೆ.

“ಏನರೆ ತಪ್ಪ ಮಾಡ್ಯಾಳೇನ್ರಿ?”

“ಇಲ್ರಿ. ಆಕಿ ಮಾರಿ ಸುದ್ದಾ ನಾ ಇನ್ನೂ ನೋಡಿಲ್ಲ. ಐತವಾರದ್ದು ಮುಂದಕ್ಕ ಹಾಕ್ರಿ. ಗಟ್ಟಿ ಮಾಡಬ್ಯಾಡ್ರಿ ಈಗ. ಎರಡ ವರ್ಷ ಕಾಲೇಜಿಗೆ ಹೋಗಲಿ. ಆಕಿಗೆ ಏನಾಗಬೇಕಂತ ಅದ, ಒಮ್ಮೆ ಕೇಳ್ರಿ.”

ಆತ ನಿಂತು ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ. “ಆಕಿನ್ನ ಯಾಕ ಕೇಳಬೇಕ್ರಿ?” ಎಂದ. ಉತ್ತರಕ್ಕೆ ಕಾಯಲಿಲ್ಲ. “ಕುರಿ ಹ್ವಾದವ್ರಿ,” ಎಂದು ಕೆರೆಯ ಕಡೆಗೆ ತಿರುಗಿ ನಡೆದ.

ಪ್ರಯೋಜನವಿಲ್ಲ ಎಂದು ಅವನ ಬೆನ್ನು ನೋಡಿಯೇ ಗೊತ್ತಾಯಿತು. ಆದರೂ ನೆರಿಗೆ ಎತ್ತಿ ಹಿಡಿದು, ಕುರಿಗಳು ಎಬ್ಬಿಸಿದ ಧೂಳಿನಲ್ಲಿ ಅವನ ಹಿಂದೆ ಹೊರಟೆ. ದ್ಯಾವಮ್ಮ ಎಂಬ ಹುಡುಗಿಯೊಬ್ಬಳಿದ್ದಳು ಎಂದು, ಅವನಿಗೆ ಕೇಳಿಸುವಷ್ಟು ಜೋರಾಗಿ, ಕೆರೆಯ ಏರಿ ಬರುವವರೆಗೂ ಹೇಳುತ್ತಲೇ ನಡೆದೆ.